ಕೀಲಿ ಆಕಿ ಹಂತ್ಯಾಕ ಇರ್ತೈತ್ರಿ

ಮೊನ್ನೆ ಪಕ್ಕದ ಮನೆಯಾಕೆ ಮೊಮ್ಮಗನಿಗೆ ಹೊಟ್ಟೆ ಕಟ್ಟಿದೆ ಎಂದು ಮಣೂಕ ಕುದಿಸುತ್ತಿದ್ದರು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಕಿಟಕಿಯಿಂದ ಆ ವಾಸನೆ ಬಂತು ನೋಡಿ, ಮೊದಲು ಬೆಲ್ಲದ ಪಾಕದಂಥ ಸಿಹಿ, ಅದರ ಬೆನ್ನಿಗೇ ಸಣ್ಣದೊಂದು ಹುಳಿ, ಕೊನೆಗೆ ಮೂಗಿನ ಬುಡದಲ್ಲಿ ಉಳಿಯುವ ತುಸು ಕಮಟು. ಹೆಚ್ಚುತ್ತಿದ್ದ ಸೌತೆಕಾಯಿಯನ್ನು ಹಾಗೇ ಬಿಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಆ ಕೂಸಿನ ಹೊಟ್ಟೆ ಸಡಿಲಾಯಿತೋ ಇಲ್ಲವೋ ಗೊತ್ತಿಲ್ಲ, ನನ್ನ ಎದೆಯಲ್ಲಿ ಕಟ್ಟಿಕೊಂಡದ್ದು ಮಾತ್ರ ಅಲ್ಲಾಡಿತು. ನಗಬೇಡಿ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಎಣ್ಣೆಯದೋ, ಹೊಗೆಯದೋ, ಹಳೆಯ ಕೌದಿಯದೋ. ಅದು ಬಂದಾಗ ನೀವೂ ನನ್ನ ಹಾಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಿರುತ್ತೀರಿ.

ನನಗೆ ಅದು ಶನಿವಾರದ ವಾಸನೆ, ನಮ್ಮ ಎಸ್ತೇರತ್ತೆಯ ವಾಸನೆ. ಅಥಣಿಯಿಂದ ಕಾಗವಾಡದ ಕಡೆ ಹೋಗುವ ದಾರಿಗೆ ಹತ್ತಿಕೊಂಡಿದ್ದ ಊರು ನಮ್ಮದು. ಸುತ್ತಲಿನ ಕಬ್ಬು, ದ್ರಾಕ್ಷಿ ಎಲ್ಲ ಬೇರೆಯವರವು, ಮಣ್ಣಿನ ಮಾಳಿಗೆಯ ಮನೆ ಮಾತ್ರ ನಮ್ಮದು. ಊರಲ್ಲಿ ಕ್ರೈಸ್ತರ ಮನೆಗಳು ಒಂದು ಓಣಿ ತುಂಬುವಷ್ಟೂ ಇರಲಿಲ್ಲ. ತಗಡು ಹೊದಿಸಿದ ಒಂದು ಪ್ರಾರ್ಥನಾ ಮಂದಿರ, ನೆಲಕ್ಕೆ ಜಮಖಾನೆ, ಮುಂದೆ ಒಂದು ಮೇಜು. ತಿಂಗಳಿಗೊಮ್ಮೆ ಸಭಾಪಾಲಕರು ಬಸ್ಸು ಹತ್ತಿ ಬಂದು ಪ್ರಭುಭೋಜನ ಕೊಡುತ್ತಿದ್ದರು. ಯೇಸುಸ್ವಾಮಿಯ ಶರೀರವೆಂದು ರೊಟ್ಟಿಯ ಚೂರು, ರಕ್ತವೆಂದು ಒಂದು ಗುಟುಕು ದ್ರಾಕ್ಷಾರಸ. ಆ ದ್ರಾಕ್ಷಾರಸ ತಯಾರಾಗುತ್ತಿದ್ದದ್ದು ನಮ್ಮ ಒಲೆಯ ಮೇಲೆ. ಅತ್ತೆ ಮಣೂಕದ ಶೆಡ್ಡಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಂದ ಕಪ್ಪು ಮಣೂಕ ಆರಿಸಿ ತಂದು, ಶುಕ್ರವಾರ ಸಂಜೆ ನೆನೆಹಾಕಿ, ಶನಿವಾರ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಯಿಂದಲೇ ಹಿಚುಕುತ್ತಿದ್ದಳು. ತೆಳುವಾದ ಧೋತರದ ತುಂಡಿನಲ್ಲಿ ಸೋಸಿ ಬಾಟಲಿಗೆ ತುಂಬಿದರೆ ಸಂಜೆಯ ಬಿಸಿಲಿಗೆ ಅದು ಹುಣಸೆಹಣ್ಣಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಬಟ್ಟೆಯಲ್ಲಿ ಉಳಿದ ಚರಟಕ್ಕೆ ಶೇಂಗಾ ಕಲಸಿ ನನಗೆ ಕೊಡುತ್ತಿದ್ದಳು. ನಾನು ಅದನ್ನು ತಿನ್ನುತ್ತಾ ಅವಳ ಬೆನ್ನಿಗೆ ಆತುಕೊಂಡು ಕೂರುತ್ತಿದ್ದೆ, ಅವಳು ಕೀರ್ತನೆ ಗುನುಗಿದರೆ ಆ ಬೆನ್ನು ಸಣ್ಣಗೆ ನಡುಗುವುದು ನನ್ನ ಕಿವಿಗೆ ತಾಗುತ್ತಿತ್ತು.

ಅತ್ತೆ ನಮ್ಮಪ್ಪನ ತಂಗಿ. ಗಂಡ ಕೆಲಸಕ್ಕೆಂದು ಮುಂಬಯಿಗೆ ಹೋದವನು ಮುಂಬಯಿಯವನೇ ಆಗಿಬಿಟ್ಟ. ಮಕ್ಕಳಿಲ್ಲ. ಅಣ್ಣನ ಮನೆ ಸೇರಿದವಳು ಅಲ್ಲಿಯ ಅರ್ಧ ಕೆಲಸವನ್ನು, ನನ್ನನ್ನು ಪೂರ್ತಿಯಾಗಿ, ತಾನೇ ಎತ್ತಿಕೊಂಡಳು. ಅಪ್ಪ ಗೌಂಡಿ. ಆ ಪ್ರಾರ್ಥನಾ ಮಂದಿರದ ಗೋಡೆ ಕಟ್ಟಿದವನೇ ಅವನು, ಸಭೆಯ ಹಿರಿಯನೂ ಹೌದು. ಒಳ್ಳೆಯವನೇ, ಆದರೆ ತಪ್ಪು ಎಂದರೆ ಅವನಿಗೆ ಸೊಟ್ಟ ಗೋಡೆ ಇದ್ದ ಹಾಗೆ, ಕೆಡವುವ ತನಕ ಸಮಾಧಾನವಿಲ್ಲ. ಅವ್ವ ರಾಯಬಾಗದ ಕಡೆಯವಳು. ಅವಳ ತವರಿನವರು ಕುರಿ ಕಾಯುವ ಮಂದಿ, ಚಿಂಚಲಿ ಮಾಯಕ್ಕ ದೇವಿಯ ಒಕ್ಕಲು. ದೀಕ್ಷಾಸ್ನಾನವಾಗಿ ರುಕ್ಕವ್ವ ಎಂಬ ಹೆಸರು ರೂತ್ ಆಗಿ ಅಪ್ಪನನ್ನು ಮದುವೆಯಾದವಳು. ಅತ್ತೆ ಅವಳನ್ನು ವೈನಿ ಎನ್ನುತ್ತಿದ್ದಳು. ಅಂಥ ಅತ್ತಿಗೆ ನಾದಿನಿಯರನ್ನು ನಾನು ಮತ್ತೆಲ್ಲೂ ನೋಡಿಲ್ಲ. ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದರು, ಒಬ್ಬರ ತಲೆಯ ಹೇನು ಒಬ್ಬರು ಹೆಕ್ಕುತ್ತಾ ಓಣಿಯವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಆ ನಗೆಯ ಸದ್ದಿಗೆ ಅಂಗಳದ ಕೋಳಿಗಳು ಬೆದರಿ ಓಡುತ್ತಿದ್ದವು.

ಎಂಬತ್ತರ ದಶಕದ ನಡುವೆ, ನಾನಿನ್ನೂ ಕನ್ನಡ ಶಾಲೆಗೆ ಸೇರಿದ ಹೊಸತರಲ್ಲಿ, ನನಗೆ ವಿಷಮಜ್ವರ ಬಂತು. ಅಥಣಿಯ ಡಾಕ್ಟರು ತಲೆ ಅಲ್ಲಾಡಿಸಿದರಂತೆ. ಸಭೆಯವರು ಮನೆಗೆ ಬಂದು ಮಂಡಿಯೂರಿ ಪ್ರಾರ್ಥಿಸಿದರು, ಅಪ್ಪ ಉಪವಾಸ ಮಾಡಿದ, ಅತ್ತೆ ನನ್ನ ಹಣೆಯ ಮೇಲಿನ ಒದ್ದೆ ಬಟ್ಟೆ ಆರಲು ಬಿಡಲಿಲ್ಲ. ನಡುವೆ ಒಂದು ದಿನ ಅವ್ವ ತನ್ನ ತಾಯಿಗೆ ಮೈಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ಬಂದಳು. ಆಮೇಲೆ ಜ್ವರ ಇಳಿಯಿತು. ರವಿವಾರದ ಆರಾಧನೆಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಿಮ್ಮ ಪ್ರಾರ್ಥನೆಯಿಂದ ನನ್ನ ಮಗಳು ಬದುಕಿದಳು ಎಂದು ಸಾಕ್ಷಿ ಹೇಳಿದ. ಎಲ್ಲರೂ ಅತ್ತರಂತೆ. ನಮ್ಮ ಸಣ್ಣ ಸಭೆಗೆ ಅದು ದೊಡ್ಡ ಮಾತು. ಊರಿನವರ ಮುಂದೆ ಹೇಳಿಕೊಳ್ಳಲು ನಮಗೂ ಒಂದು ಅದ್ಭುತ ಸಿಕ್ಕಿತ್ತಲ್ಲ!

ಅದರ ಮುಂದಿನ ಭೋಜನದ ರವಿವಾರ ಅದು ನಡೆಯಿತು. ಮೇಜಿಗೆ ಹಾಸುವ ಬಿಳಿಯ ಬಟ್ಟೆ ನಮ್ಮ ಮನೆಯಲ್ಲೇ ಇರುತ್ತಿತ್ತು, ತಗಡಿನ ಪೆಟ್ಟಿಗೆಯಲ್ಲಿ. ಅದನ್ನು ಒಗೆದು, ಇಸ್ತ್ರಿ ಮಾಡಿಸಿ, ಮಡಿಚಿಡುವುದು ಅತ್ತೆಯ ಕೆಲಸ. ಪೆಟ್ಟಿಗೆಯ ಕೀಲಿ ಅವಳ ಸೆರಗಿನ ತುದಿಯಲ್ಲಿ. ಆ ದಿನ ಅವಳು ಮಡಿಕೆ ಬಿಚ್ಚದೆ ಬಟ್ಟೆಯನ್ನು ಎದೆಗೊತ್ತಿಕೊಂಡು ತಂದು ಮೇಜಿನ ಮೇಲಿಟ್ಟಳು. ಪಾಲಕರು ಬಿಚ್ಚಿ ಕೊಡವಿದರು. ಒಳಗಿನಿಂದ ಪೇಪರಿನ ಪೊಟ್ಟಣವೊಂದು ಜಾರಿ, ಬಾಯಿ ಬಿಚ್ಚಿಕೊಂಡು, ಬಿಳಿಯ ಬಟ್ಟೆಯ ತುಂಬ ಹಳದಿ ಚೆಲ್ಲಿತು. ಜೊತೆಗೆ ಒಂದು ಚೂರು ಒಣಕೊಬ್ಬರಿ. ಅದೇನೆಂದು ಯಾರೂ ಕೇಳಬೇಕಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಭಂಡಾರ ಗೊತ್ತಿಲ್ಲದೆ ಇರುತ್ತದೆಯೇ? ಹರಕೆ ಹೊತ್ತವರಿಗೆ ದೇವಿಯ ಗುಡಿಯಲ್ಲಿ ಕೊಡುವ ಅರಿಸಿನ. ನಮ್ಮ ಸಂಬಂಧಿಕರಲ್ಲೇ ಎಷ್ಟೋ ಮಂದಿ ಈಗಲೂ ಅದನ್ನು ಹಣೆ ತುಂಬ ಬಳಿದುಕೊಳ್ಳುತ್ತಾರೆ, ಅದರಲ್ಲಿ ನನಗೆ ಏನೂ ಹೀನಾಯ ಕಾಣುವುದಿಲ್ಲ. ಆದರೆ ಸಭೆಗೆ ಅಂದು ಮೋಸ ಹೋದಂತಾಯಿತು. ಮಂಡಿಯೂರಿ ಅತ್ತವರು ತಾವು, ಮಗು ಬದುಕಿದ್ದು ತಮ್ಮ ಪ್ರಾರ್ಥನೆಯಿಂದ ಎಂದು ಸಾಕ್ಷಿ ಕೇಳಿದವರು ತಾವು, ಬೆನ್ನ ಹಿಂದೆ ಹರಕೆ ಹೊತ್ತವರು ಯಾರು? ಎಲ್ಲರ ಕಣ್ಣೂ ಮೊದಲು ಹೋದದ್ದು ಅವ್ವನ ಕಡೆಗೆ. ಚಿಂಚಲಿಯ ಕಡೆಯವಳು, ನಿನ್ನೆ ಮೊನ್ನೆ ದೀಕ್ಷಾಸ್ನಾನವಾದವಳು. ನಾನು ಅವಳ ತೊಡೆಯ ಮೇಲಿದ್ದೆ. ನನಗೋ ಏನೂ ತಿಳಿಯದ ವಯಸ್ಸು. ಪಾಲಕರು ಮೆಲ್ಲಗೆ, ರೂತಮ್ಮಾ ಎಂದರು. ಅವ್ವ ತಲೆ ಎತ್ತದೆ ಅಂದಳು:

"ಪೆಟ್ಟಿಗಿ ಕೀಲಿ ಆಕಿ ಹಂತ್ಯಾಕ ಇರ್ತೈತ್ರಿ."

ಅಷ್ಟೇ. ಎಲ್ಲರ ಮೋರೆಗಳೂ ಅತ್ತೆಯ ಕಡೆ ತಿರುಗಿದವು. ಅತ್ತೆ ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು. ನಾ ಇಟ್ಟಿಲ್ರಿ ಎಂದಳು. ಹಾಗಾದರೆ ಯಾರು ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ತಾನೇ ಕದ್ದಿಟ್ಟ ಪೊಟ್ಟಣವನ್ನು ತಾನೇ ಎದೆಗೊತ್ತಿಕೊಂಡು ಸಭೆಯ ನಡುವೆ ಯಾವಳಾದರೂ ತರುತ್ತಾಳೆಯೇ? ಅಷ್ಟು ಬುದ್ಧಿ ಅಲ್ಲಿದ್ದ ಒಬ್ಬರಿಗೂ ಓಡಲಿಲ್ಲ. ಅಪ್ಪನಿಗೂ ಓಡಲಿಲ್ಲ, ಅಥವಾ ಓಡುವುದು ಬೇಡವಾಗಿತ್ತು.

ನಮ್ಮ ಸಭೆಯ ಕಟ್ಟಳೆ ಹೀಗಿತ್ತು. ತಪ್ಪು ಮಾಡಿದವರು ಭೋಜನದಿಂದ ದೂರ, ಬಾಗಿಲ ಬಳಿ ಜಮಖಾನೆ ಮುಗಿದಲ್ಲಿ ಬರಿನೆಲದ ಮೇಲೆ ಕೂರಬೇಕು. ಎಂದು ಅವರು ಎದ್ದು ನಿಂತು ಎಲ್ಲರ ಮುಂದೆ ಪಾಪ ಒಪ್ಪಿಕೊಳ್ಳುತ್ತಾರೋ ಅಂದು ಪಾಲಕರು, ಕ್ಷಮಿಸುವವರು ಏಳಿರಿ ಎನ್ನುತ್ತಾರೆ. ಸಭೆ ಏಳುತ್ತದೆ, ಅವರನ್ನು ಮುಂದಕ್ಕೆ ಕರೆದು ರೊಟ್ಟಿ, ರಸ ಕೊಡುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಕುಡಿದು ಹೆಂಡತಿಯನ್ನು ಹೊಡೆದವರು, ಗಡಿಕಲ್ಲು ಸರಿಸಿದವರು, ಎಲ್ಲರೂ ಹಾಗೆ ಎದ್ದು, ಅತ್ತು, ಜಮಖಾನೆಗೆ ಮರಳಿದ್ದನ್ನು ನಾನೇ ನೋಡಿದ್ದೇನೆ. ಎಸ್ತೇರತ್ತೆ ಮಾತ್ರ ಏಳಲಿಲ್ಲ. ವರ್ಷಗಳು ಹೋದವು, ಅವಳು ಬರಿನೆಲ ಬಿಡಲಿಲ್ಲ. ಆರಾಧನೆ ತಪ್ಪಿಸಲೂ ಇಲ್ಲ. ಅಪ್ಪ ಅವಳು ಬಡಿದ ರೊಟ್ಟಿ ತಿನ್ನುತ್ತಿದ್ದ, ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಏನಾದರೂ ಬೇಕಾದರೆ ನನ್ನ ಮುಖ ನೋಡಿ, ನಿಮ್ಮತ್ತಿಗಿ ಹೇಳು ಎನ್ನುತ್ತಿದ್ದ. ಇನ್ನೊಂದು ತಮಾಷೆ ಕೇಳಿ. ದೂರವಿಟ್ಟವರ ಕೈ ಭೋಜನದ ಸಾಮಾನಿಗೆ ತಾಗಬಾರದೆಂದು ರಸ ಮಾಡುವ ಕೆಲಸ ಅವ್ವನಿಗೆ ಬಂತು. ಅವ್ವ ಒಂದು ಸಲ ಸೀಯಿಸಿದಳು, ಇನ್ನೊಂದು ಸಲ ಹುಳಿಬರಿಸಿದಳು. ಮೂರನೆಯ ಶನಿವಾರ ಅತ್ತೆ ತಾನೇ ಬಂದು ಒಲೆಯ ಮುಂದೆ ಕೂತಳು. ಅಂದಿನಿಂದ ಕುದಿಸಿ, ಹಿಚುಕಿ, ಸೋಸುವವಳು ಅತ್ತೆ, ಬಾಟಲಿ ಹಿಡಿದು ಸಭೆಗೆ ಹೋಗುವವಳು ಅವ್ವ. ಮಂದಿ ಕುಡಿದು, ರೂತಮ್ಮನ ಕೈ ಪಳಗಿತು ಬಿಡು ಎಂದರು. ಅತ್ತೆಯ ಕೈಯ ರಸ ಎಲ್ಲರ ಗಂಟಲಿಗೂ ಇಳಿಯುತ್ತಿತ್ತು, ಅವಳೊಬ್ಬಳ ಗಂಟಲಿಗೆ ಬಿಟ್ಟು. ಆಗ ಆ ಮನೆಯಲ್ಲಿ ನಗೆ ನಿಂತುಹೋಗಿತ್ತು. ಹೇನು ಹೆಕ್ಕುವುದೂ ನಿಂತಿತ್ತು.

ನನಗೆ ಸಿಟ್ಟು ಇದ್ದದ್ದು ಯಾರ ಮೇಲೆ ಗೊತ್ತೇ? ಅತ್ತೆಯ ಮೇಲೆ. ನನ್ನ ಸಲುವಾಗಿಯೇ ಹರಕೆ ಹೊತ್ತಳು, ಸರಿ, ತಪ್ಪಾಯಿತು ಅಂದುಬಿಟ್ಟರೆ ಇವಳ ಗಂಟೇನು ಹೋಗುತ್ತದೆ? ಇಷ್ಟು ಹಟ ಯಾಕೆ? ಶಾಲೆಯಲ್ಲಿ ನಮ್ಮ ಸಭೆಯದೇ ಹುಡುಗಿಯರು, ನಿಮ್ಮತ್ತಿ ಬಾಗಲಾಗ ಕುಂದ್ರತಾಳ ಎಂದು ಕಾಡಿಸಿದಾಗ ನನಗೆ ಅವಳೇ ನನ್ನ ಕೈಬಿಟ್ಟಂತೆ ಆಗುತ್ತಿತ್ತು. ತೊಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾದಾಗ ನಾನು ಹೈಸ್ಕೂಲಿನಲ್ಲಿದ್ದೆ, ಸಭೆಯ ಮುಂದೆ ನಂಬಿಕೆ ಒಪ್ಪಿಕೊಳ್ಳುವ ದೃಢೀಕರಣಕ್ಕೆ ತಯಾರಾಗುತ್ತಿದ್ದೆ. ಅದಾದರೆ ನನಗೂ ಭೋಜನ ಸಿಗುತ್ತದೆ. ನಾನು ರಂಪ ಮಾಡಿದೆ. ಅತ್ತೆ ಜೊತೆಗೆ ಬರದಿದ್ದರೆ ನಾನೂ ರೊಟ್ಟಿ ಮುಟ್ಟುವುದಿಲ್ಲ ಎಂದು ಊಟ ಬಿಟ್ಟು ಕೂತೆ. ಅಪ್ಪ ಗದರಿದ, ಅವ್ವ ಹಿತ್ತಲಿಗೆ ಎದ್ದು ಹೋದಳು. ಅತ್ತೆ ನನ್ನ ಪಕ್ಕ ಬಂದು ಕೂತು ಬಹಳ ಹೊತ್ತು ನನ್ನ ಜಡೆ ಬಿಚ್ಚಿ, ಮತ್ತೆ ಹೆಣೆದಳು.

"ಮಾಡದ್ದನ್ನ ಮಾಡೇನಿ ಅಂತ ದೇವರ ಮುಂದ ಹ್ಯಾಂಗ ಅನ್ಲವ್ವಾ?" ಎಂದಳು.

ನಾನು ನಂಬಲಿಲ್ಲ. ಇನ್ನೂ ಸುಳ್ಳೇ ಹೇಳುತ್ತಾಳಲ್ಲ ಎಂದು ಮುಖ ತಿರುಗಿಸಿದೆ. ಅವಳು ನಿಟ್ಟುಸಿರಿಟ್ಟು, ಆಗಲಿ ಏಳು, ಉಣ್ಣು ಎಂದಳು.

ಆ ರವಿವಾರ ಅತ್ತೆ ಬಾಗಿಲ ಬಳಿಯಿಂದ ಎದ್ದು ನಿಂತಳು. ತಲೆಯ ಮೇಲೆ ಬಿಳಿಯ ಸೆರಗು, ಕೈ ಜೋಡಿಸಿದ್ದಳು. ಭಂಡಾರ ನಂದ ಇತ್ರಿ, ದೇವರು ಕ್ಷಮಿಸ್ಲಿ, ನೀವೂ ಕ್ಷಮಿಸ್ರಿ ಎಂದಳು. ಕ್ಷಮಿಸುವವರು ಏಳಿರಿ ಎಂದರು ಪಾಲಕರು. ಅಪ್ಪ ಎಲ್ಲರಿಗಿಂತ ಮೊದಲೆದ್ದ, ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ನಾನು ಕುಣಿಯುವುದೊಂದು ಬಾಕಿ. ಇಡೀ ಸಭೆ ಎದ್ದಿತು, ಅವ್ವ ಒಬ್ಬಳು ಬಿಟ್ಟು. ಅವ್ವ ಮಂಡಿಗಳ ನಡುವೆ ತಲೆ ಹುದುಗಿಸಿ ಕೂತೇ ಇದ್ದಳು. ಅವಳಿಗೆ ತಲೆಸುತ್ತು ಎಂದು ಯಾರೋ ನೀರು ಕೊಟ್ಟರು. ನನಗೆ ಗೊತ್ತಿತ್ತು, ತಲೆಸುತ್ತೂ ಇಲ್ಲ ಏನೂ ಇಲ್ಲ, ನಾದಿನಿಯನ್ನು ಕ್ಷಮಿಸಲು ಅವಳಿಗೆ ಮನಸ್ಸಿಲ್ಲ. ಅಂದಿನಿಂದ ಅವ್ವ ಪ್ರಭುಭೋಜನ ತೆಗೆದುಕೊಳ್ಳುವುದನ್ನೂ ಬಿಟ್ಟಳು. ರೊಟ್ಟಿಯ ತಟ್ಟೆ ಬರುವ ಹೊತ್ತಿಗೆ ಆಡು ಬಿಚ್ಚಿಕೊಂಡಿದೆ, ಒಲೆ ಆರಿಸಿಲ್ಲ ಎಂದು ಏನೋ ನೆಪ ತೆಗೆದು ಹೊರಗೆ ಹೋಗುತ್ತಿದ್ದಳು. ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಇಡೀ ಸಭೆ ಮರೆತದ್ದನ್ನು ಇವಳೊಬ್ಬಳು ಎದೆಯಲ್ಲಿಟ್ಟುಕೊಂಡಿದ್ದಾಳಲ್ಲ ಎಂದು ಅವಳೊಂದಿಗೆ ಮಾತು ಕಡಿಮೆ ಮಾಡಿದೆ.

ಅತ್ತೆ ಜಮಖಾನೆಗೆ ಮರಳಿದಳು, ಆದರೆ ಮೊದಲಿನ ಅತ್ತೆ ಮರಳಲಿಲ್ಲ. ಅಣ್ಣ ಮಾತಾಡಿಸಿದರೆ ಎಷ್ಟು ಬೇಕೋ ಅಷ್ಟು ಉತ್ತರ. ಒಂದು ಸಲ ನನ್ನೆದುರು ಅಂದಳು, ಜೀವಮಾನದಾಗ ದೇವರ ಮನ್ಯಾಗ ಒಂದ ಸುಳ್ಳು ಹೇಳೇನಿ, ಅದಕ್ಕ ಎಲ್ಲಾರೂ ಎದ್ದ ನಿಂತ್ರು ನೋಡು, ಎಂದು. ನಾನು ಆ ಮಾತಿನ ಬುಡ ಹಿಡಿಯಲಿಲ್ಲ. ನಾನು ಚಿಕ್ಕೋಡಿಯಲ್ಲಿ ಕಾಲೇಜು ಮುಗಿಸುವ ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿತು. ಮಿರಜಿನ ಆಸ್ಪತ್ರೆಗೆ ಒಯ್ದಾಗಲೇ ಕಾಲ ಮೀರಿತ್ತು. ಅವ್ವ ಅಲ್ಲಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿ, ಅವಳ ಹೇಲು ಉಚ್ಚೆ ಎಲ್ಲ ಬಳಿದಳು. ಅತ್ತೆಯನ್ನು ಊರಿನ ಸಮಾಧಿಭೂಮಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಅವ್ವ ಅನ್ನ ಮುಟ್ಟಲಿಲ್ಲ. ಭೋಜನದ ರವಿವಾರ ಹತ್ತಿರ ಬಂತು. ಶನಿವಾರ ಮಧ್ಯಾಹ್ನ ಅವಳು ಒಲೆಯ ಮುಂದೆ ಮಣೂಕದ ಪಾತ್ರೆ ಇಟ್ಟುಕೊಂಡು, ಬೆಂಕಿ ಹೊತ್ತಿಸದೆ ಸುಮ್ಮನೆ ಕೂತಿದ್ದಳು. ನಾನು ಬೆಂಕಿಪೊಟ್ಟಣ ಕೊಡಲು ಹೋದರೆ ನನ್ನ ಕೈ ಹಿಡಿದುಕೊಂಡಳು.

ಎಲ್ಲ ಹೇಳಿದಳು. ತವರಿಗೆಂದು ಹೋದವಳು ಚಿಂಚಲಿಗೆ ಹೋಗಿ ನನ್ನ ಜೀವಕ್ಕೆ ಹರಕೆ ಹೊತ್ತಿದ್ದು. ಅಪ್ಪ ಕೆಲಸಕ್ಕೆ ಹೋದ ಮೇಲೆ ನನ್ನ ಹಣೆಗೆ ಭಂಡಾರ ಹಚ್ಚಿ, ಅವನು ಬರುವ ಮೊದಲು ಸೆರಗಿನಿಂದ ಒರೆಸುತ್ತಿದ್ದದ್ದು. ಅಪ್ಪ ಕೈ ಹಾಕದ ಜಾಗ ಮನೆಯಲ್ಲಿ ಆ ಪೆಟ್ಟಿಗೆಯೊಂದೇ ಎಂದು, ಅತ್ತೆ ಬಚ್ಚಲಿನಲ್ಲಿದ್ದಾಗ ಕೀಲಿ ತೆಗೆದುಕೊಂಡು ಬಟ್ಟೆಯ ಮಡಿಕೆಯಲ್ಲಿ ಪೊಟ್ಟಣ ಇಟ್ಟು, ತೆಗೆಯಲು ಮರೆತದ್ದು. ಆ ರವಿವಾರ ಸಂಜೆಯೇ ಅತ್ತೆಯ ಕಾಲಿಗೆ ಬಿದ್ದು, ನಿಮ್ಮಣ್ಣಗ ಹೇಳಬ್ಯಾಡ, ಕ್ರಿಸ್‌ಮಸ್ಸಿಗೆ ನಾನೇ ಒಪ್ಪಿಕೊಳ್ತೀನಿ ಎಂದು ಮಾತು ಕೊಟ್ಟದ್ದು. ಕ್ರಿಸ್‌ಮಸ್ಸು ಬಂತು, ಈಸ್ಟರಿಗೆ ಅಂದಳು. ಈಸ್ಟರು ಬಂತು, ಮಗಳು ದೊಡ್ಡವಳಾಗಲಿ ಅಂದಳು. ಆಮೇಲೆ ಅತ್ತೆ ಕೇಳುವುದನ್ನೇ ಬಿಟ್ಟಳು. ಮಿರಜಿನಲ್ಲಾದರೂ ಅವಳ ಕ್ಷಮೆ ಕೇಳಬೇಕಿತ್ತು, ಆಗಲಿಲ್ಲ ಎಂದಳು ಅವ್ವ. ಮೋಸ ಹೋದದ್ದು ಅತ್ತೆಯೊಬ್ಬಳೇ ಅಲ್ಲ, ನಾನೂ ಹೋಗಿದ್ದೆ. ನನ್ನ ಬಾಲ್ಯದ ಸಿಟ್ಟನ್ನೆಲ್ಲ ಅವ್ವ ತನ್ನ ಮೌನದಿಂದ ತಪ್ಪಾದ ಮನುಷ್ಯಳ ಮೇಲೆ ಸುರಿಸಿದ್ದಳು. ಆ ಬೆನ್ನಿಗೆ ಆತು ಕೂರುವುದನ್ನು ನಾನು ಬಿಟ್ಟ ವರ್ಷಗಳನ್ನು ಈಗ ಯಾರು ತಂದುಕೊಡುತ್ತಾರೆ? ಬಿಕ್ಕುತ್ತಿದ್ದ ಅವಳ ಕೈಯಿಂದ ಕೈ ಬಿಡಿಸಿಕೊಂಡೆ.

"ನನಗ ಯಾಕ ಹೇಳ್ತಿ? ಸಭಾದಾಗ ಹೇಳು," ಎಂದೆ.

ಹೇಳಿದಳು. ಮರುದಿನ ಎಲ್ಲರ ಮುಂದೆ, ಅಪ್ಪನ ಮುಂದೆ, ಎದ್ದು ನಿಂತು ಒಂದನ್ನೂ ಬಚ್ಚಿಡದೆ ಹೇಳಿದಳು. "ಕೀಲಿ ಆಕಿ ಹಂತ್ಯಾಕ ಇರ್ತೈತಿ ಅಂದೆ. ಖರೇ ಮಾತ ಅದು. ಖರೇ ಮಾತು ಹೇಳಿನ ಆಕಿನ್ನ ಹಾಳಮಾಡಿದ್ನಿ," ಎಂದಳು. ವಯಸ್ಸಾಗಿದ್ದ ಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಹರಕೆ ಹೊತ್ತದ್ದು ತಾಯಿಯ ಕರುಳು, ದೇವರು ಅದನ್ನು ಬಲ್ಲ, ಒಬ್ಬಳನ್ನು ಬಾಗಿಲಲ್ಲಿ ಕೂರಿಸಿದ್ದು ನಮ್ಮೆಲ್ಲರ ಪಾಪ, ನಾವು ಕೇಳಲಿಲ್ಲ, ತೀರ್ಪು ಕೊಟ್ಟೆವು ಎಂದರು. ನಿಜವಾಗಿ ಪಶ್ಚಾತ್ತಾಪ ಪಟ್ಟವರನ್ನು ಕರ್ತನು ತಳ್ಳಿಬಿಡುವುದಿಲ್ಲ ಎಂದರು. ಆಮೇಲೆ, ಕ್ಷಮಿಸುವವರು ಏಳಿರಿ ಎಂದರು. ಒಬ್ಬೊಬ್ಬರಾಗಿ ಎದ್ದರು. ಅಪ್ಪ ಎಲ್ಲರಿಗಿಂತ ಕೊನೆಗೆ, ಗೋಡೆಗೆ ಕೈಕೊಟ್ಟು, ಎದ್ದ. ತಂಗಿಯೊಂದಿಗೆ ಮಾತು ಬಿಟ್ಟ ಅಷ್ಟೂ ವರ್ಷಗಳು ಆ ಒಂದು ಗಳಿಗೆಯಲ್ಲಿ ಅವನ ಸೊಂಟಕ್ಕೆ ಬಂದು ಕೂತ ಹಾಗಿತ್ತು. ನಾನು ಏಳಲಿಲ್ಲ. ಏಳಬೇಕೆಂದು ಗೊತ್ತಿತ್ತು, ಏಳದವರು ರೊಟ್ಟಿ ಮುಟ್ಟುವಂತಿಲ್ಲ ಎಂದೂ ಗೊತ್ತಿತ್ತು. ನನ್ನ ಸುತ್ತ ಸೀರೆ, ಧೋತರಗಳ ಕಾಡು. ಅದರ ನಡುವಿನಿಂದ ಅವ್ವ ನನ್ನನ್ನು ಹುಡುಕಿ ನೋಡಿದಳು. ಅವಳನ್ನು ಮುಂದಕ್ಕೆ ಕರೆದು ರೊಟ್ಟಿ ಕೊಟ್ಟರು, ರಸ ಕೊಟ್ಟರು. ಸಭೆ ಆಮೆನ್ ಎಂದಿತು. ಬರಿನೆಲದ ಮೇಲೆ ವರ್ಷಾನುಗಟ್ಟಲೆ ಕೂತವಳಿಗೆ ಸುಳ್ಳು ಹೇಳುವ ತನಕ ಸಿಗದ ಕ್ಷಮೆ ಇವಳಿಗೆ ಒಂದೇ ಬೆಳಿಗ್ಗೆ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ಮನೆಗೆ ಹೋಗುವಾಗ ಕಬ್ಬಿನ ಹೊಲದ ಬದುವಿನ ಮೇಲೆ ನಾನು ಮುಂದೆ, ಅವ್ವ ಹಿಂದೆ. ನಾನು ಬೇಕೆಂದೇ ಬಿರಬಿರನೆ ನಡೆಯುತ್ತಿದ್ದೆ. ಅವಳ ಏದುಸಿರು ಕೇಳುತ್ತಿತ್ತು, ನಿಲ್ಲಲಿಲ್ಲ. ಕೊನೆಗೆ ಹಿಂದಿನಿಂದಲೇ ಅವಳು ಮಾತಾಡಿದಳು.

"ನೀ ಏಳಲಿಲ್ಲ ಅಂತ ನನಗ ಸಿಟ್ಟಿಲ್ಲವ್ವಾ. ಎಲ್ಲಾರೂ ಎದ್ರ ಎಸ್ತೇರನ ಸಲುವಾಗಿ ಕುಂದ್ರಾವ್ರು ಯಾರು? ಒಬ್ರರ ಬೇಕಾಗಿತ್ತು."

ನಾನು ನಿಂತೆ. ಇಷ್ಟು ವರ್ಷ ಒಂದೇ ಒಂದು ನೇರ ಮಾತು ಆಡಲಾರದ ಹೆಂಗಸು ಆಡಿದ ಮಾತು ಅದು. ಅವಳು ಹತ್ತಿರ ಬಂದಳು, ನನ್ನನ್ನು ಮುಟ್ಟಲಿಲ್ಲ. ನಾನೇ ಅವಳ ಕೈ ಹಿಡಿದೆ. ನನ್ನ ಪಾಲಿಂದು ಬಿಟ್ಟೇನಿ ಬೇ, ಎಂದೆ. ಅತ್ತೆಯ ಪಾಲಿನ ಕ್ಷಮೆ ನನ್ನ ಕೈಯಲ್ಲಿರಲಿಲ್ಲ. ಅವ್ವ ಅದನ್ನು ಕೇಳಲೂ ಇಲ್ಲ, ಬದುಕಿರುವ ತನಕ.